ತಕ್ಕಡಿಗೆ ಮುದ್ರೆ ಉಂಟು, ಸರ್ವರ್ ಗಡಿಯಾರಕ್ಕೆ?

ಬೈಲಹೊಂಗಲದ ಎಪಿಎಂಸಿಗೆ ಹತ್ತಿ ತಂದ ರೈತನ ಕಣ್ಣು ತಕ್ಕಡಿಯ ಮೇಲಿರುತ್ತದೆ. ಅದಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲೇಬೇಕು, ಇಲ್ಲದಿದ್ದರೆ ತಕರಾರು ಎತ್ತಬಹುದು. ಇ-ಟೆಂಡರ್ ಬಂದ ಮೇಲೆ ಮಾಲಿನ ದರ ಇನ್ನೊಂದು ಅಳತೆಗೂ ಕಟ್ಟುಬಿದ್ದಿದೆ: ಬಿಡ್ ಮುಚ್ಚುವ ಗಳಿಗೆ. ಅದನ್ನು ತೀರ್ಮಾನಿಸುವ ಗಡಿಯಾರ ದೂರದ ಯಾವುದೋ ಸರ್ವರ್‌ನಲ್ಲಿದೆ. ಅದಕ್ಕೆ ಮುದ್ರೆ ಒತ್ತುವವರಿಲ್ಲ.

ಸವದತ್ತಿ, ರಾಮದುರ್ಗದ ಉಪನೋಂದಣಿ ಕಚೇರಿಗಳಲ್ಲಿ ಈ ಪ್ರಶ್ನೆಗೆ ಇನ್ನೂ ತೂಕ. 1908ರ ನೋಂದಣಿ ಕಾಯ್ದೆಯ 52ನೇ ಕಲಮಿನಂತೆ ಪತ್ರ ಹಾಜರುಪಡಿಸಿದ ದಿನದ ಜೊತೆಗೆ ಗಂಟೆಯನ್ನೂ ಅದರ ಮೇಲೆ ಬರೆಯಬೇಕು. ಕಿತ್ತೂರಿನ ಹೊಲವೊಂದಕ್ಕೆ ಇಬ್ಬರು ಜಗಳಕ್ಕೆ ನಿಂತರೆ ಆ ಗಂಟೆಯೂ ಸಾಕ್ಷಿ. ಈಗ ನೋಂದಣಿ ನಡೆಯುವುದು ಕಾವೇರಿ ತಂತ್ರಾಂಶದಲ್ಲಿ; ಅಂದರೆ ಆ ಗಂಟೆಯೂ ಸರ್ವರ್ ಹೇಳಿದ್ದೇ.

ಇಂದಿನ ಸರ್ವರ್‌ಗಳಲ್ಲಿ ಬಹುಪಾಲು ವರ್ಚುವಲ್. ಒಂದೇ ಯಂತ್ರದೊಳಗೆ ಹತ್ತಾರು ಒಕ್ಕಲು. ಯಂತ್ರದ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ ಹತ್ತು ಭಾಗ ತಪ್ಪಿದರೂ ದಿನಕ್ಕೆ 0.86 ಸೆಕೆಂಡ್, ತಿಂಗಳಿಗೆ ಸುಮಾರು 26 ಸೆಕೆಂಡ್ ವ್ಯತ್ಯಾಸ. ಅದರ ಮೇಲೆ ವರ್ಚುವಲ್ ಸರ್ವರ್‌ನದೇ ಒಂದು ರೋಗವಿದೆ: ತನ್ನ ಸರದಿ ಬರುವತನಕ ಅದು ಸ್ತಬ್ಧ. ಹಾಗೆ ನಿಂತಾಗ ಹಳೆಯ ವ್ಯವಸ್ಥೆಗಳಲ್ಲಿ ಗಡಿಯಾರದ ಮಿಡಿತಗಳೇ ಕಳೆದುಹೋಗುತ್ತಿದ್ದವು. ಈಗ ಅದು ಬಹಳಷ್ಟು ಸುಧಾರಿಸಿದೆ. ಆದರೂ ವಿರಾಮಕ್ಕಿಟ್ಟು ಎಬ್ಬಿಸಿದ ಸರ್ವರ್ ಹಳೆಯ ಸಮಯದಲ್ಲೇ ಕಣ್ಣು ಬಿಡುವುದುಂಟು. ‘ಸರ್ವರ್ ಬಿದ್ದೈತಿ’ ಎಂದರೆ ಊರಿಗೆಲ್ಲ ತಿಳಿಯುತ್ತದೆ. ಅದು ನಲವತ್ತು ಸೆಕೆಂಡ್ ಹಿಂದಿದ್ದರೆ ಯಾರಿಗೂ ತಿಳಿಯದು.

ಮದ್ದು ಹೊಸದೇನಲ್ಲ. ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಎನ್‌ಟಿಪಿ ಪದ್ಧತಿ ಜಾಲದ ಮೂಲಕವೇ ಸಮಯ ಸರಿಪಡಿಸುತ್ತದೆ. ವರ್ಚುವಲ್ ಯಂತ್ರಗಳಿಗೆ ಕ್ರೋನಿ ಎಂಬ ಉಚಿತ ತಂತ್ರಾಂಶ ಚೆನ್ನಾಗಿ ಒಗ್ಗುತ್ತದೆ. ತಿದ್ದುವುದರಲ್ಲೂ ನಯ ಬೇಕು. ಮುಂದೆ ಓಡಿದ ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆಳೆದರೆ ಆಮೇಲೆ ಬಂದ ಬಿಡ್ ಮೊದಲೇ ಬಂದಂತೆ ದಾಖಲಾದೀತು. ಆದ್ದರಿಂದ ಅದನ್ನು ತುಸು ನಿಧಾನಗೊಳಿಸಿ ದಾರಿಗೆ ತರುತ್ತಾರೆ. ಹೊರಗಿನ ಯಂತ್ರವೂ ಒಳಗಿನ ಕ್ರೋನಿಯೂ ಒಟ್ಟಿಗೇ ತಿದ್ದಲು ಹೊರಟರೆ ಮಾತ್ರ ರಗಳೆ.

ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸರ್ವರ್ ಗಡಿಯಾರಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಳ್ಳಬೇಕೆಂದಿದೆ. ಪ್ರಮಾಣಿತ ಸಮಯ ಹಂಚಲು ಗೊತ್ತುಮಾಡಿದ ಐದು ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಭಾರತೀಯ ಕಾಲಮಾನವನ್ನು ಕಾನೂನು ಮಾಪನದ ವ್ಯಾಪ್ತಿಗೆ ತರುವ ಕರಡು ನಿಯಮಗಳಿಗೆ ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಸಲಹೆ ಕೇಳಿತ್ತು. ತಕ್ಕಡಿ ನೋಡುವ ಇಲಾಖೆಗೇ ಗಡಿಯಾರವನ್ನೂ ಒಪ್ಪಿಸುವ ಈ ಯೋಚನೆ ಸರಿಯಾದದ್ದು. ಆದರೆ ಅದು ಕಡತದಲ್ಲೇ ಉಳಿದರೆ ರೈತನಿಗೇನು ಬಂತು?

ಯಾವ ಮೂಲದಿಂದ ಸಮಯ ಪಡೆದದ್ದು, ಆ ಕ್ಷಣದ ವ್ಯತ್ಯಾಸ ಎಷ್ಟು ಎಂಬುದನ್ನು ಸರ್ಕಾರ ಟೆಂಡರ್ ಪಟ್ಟಿಯಲ್ಲೂ ನೋಂದಣಿ ಪತ್ರದಲ್ಲೂ ಮುದ್ರಿಸಲಿ. ಕ್ರೋನಿಯಂಥ ತಂತ್ರಾಂಶ ಆ ಅಂಕಿಯನ್ನು ಹೇಗೂ ಲೆಕ್ಕ ಹಾಕುತ್ತಲೇ ಇರುತ್ತದೆ.