ಒಲೆಯ ಬಾಯಿ ಎಷ್ಟು ದೊಡ್ಡದಿರಬೇಕು?

ಕಳೆದ ವಾರ ಸೇಡಂನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೊಸ ಮನೆ ಕಟ್ಟಿಸುತ್ತಿದ್ದಾನೆ. ಅಡುಗೆಗೆ ಗ್ಯಾಸ್ ಇದೆ; ಆದರೆ ಸ್ನಾನದ ನೀರಿಗೆ ಹಿತ್ತಲಲ್ಲಿ ಒಂದು ಹಂಡೆಯ ಒಲೆ ಇರಲೇಬೇಕೆಂದು ಅವನ ತಾಯಿಯ ಹಟ. "ಒಲಿ ಬಾಯಿ ದೊಡ್ಡದೇ ಇಡಸ್ತೀನ್ರಿ ಸರ್. ಇಡೀ ಬೊಡ್ಡಿ ಒಮ್ಮೆ ತುರುಕಿದ್ರ ಒಂದು ತಾಸು ನೋಡೋದೇ ಬ್ಯಾಡ" ಎಂದ. "ಸ್ವಲ್ಪ ತಡಿಯಪ್ಪಾ, ಬರೆದು ತಿಳಿಸುತ್ತೇನೆ" ಎಂದೆ. ಬರೆಯುತ್ತ ಹೋದಂತೆ, ಇದು ಅವನೊಬ್ಬನಿಗೆ ಹೇಳಿ ಮುಗಿಸುವ ಮಾತಲ್ಲವೆನಿಸಿತು. ಆದ್ದರಿಂದ ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆಯ ಒಡಲನ್ನು ಹಂಡೆಯ ತಳ ಮತ್ತು ಉರುವಲಿನ ಗುಣ ನೋಡಿ ಅಳೆಯಬೇಕೇ ಹೊರತು ನಮ್ಮ ಸೋಮಾರಿತನ ನೋಡಿ ಅಲ್ಲ.

ಮೇಷ್ಟ್ರ ಲೆಕ್ಕ ಬಂತೆಂದು ನಗಬೇಡಿ. 40 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 1,400 ಕಿಲೋ ಕ್ಯಾಲರಿ ಶಾಖ ಬೇಕು. ಒಂದು ಕಿಲೋ ಒಣಗಿದ ಕಟ್ಟಿಗೆಯಲ್ಲಿ ಸುಮಾರು 4,000 ಕಿಲೋ ಕ್ಯಾಲರಿ ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರುವುದಾದರೆ 350 ಗ್ರಾಂ ಕಟ್ಟಿಗೆ ಸಾಕು! ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ನೂರಕ್ಕೆ ಸುಮಾರು 10 ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಆಗ ಮೂರೂವರೆ ಕಿಲೋ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ 30 ಪಾಲು ಮುಟ್ಟಿದರೆ ಒಂದೂಕಾಲು ಕಿಲೋದೊಳಗೆ ಕೆಲಸ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಒಲೆ ಇದನ್ನೇ ತೋರಿಸಿಕೊಟ್ಟಿತು. ಮುಚ್ಚಿದ ಒಡಲು, ತಳದಲ್ಲಿ ಜಾಲರಿ, ಹೊಗೆ ಹೋಗಲು ಕೊಳವೆ, ಇಷ್ಟೇ ಅದರ ಗುಟ್ಟು.

ಈ ಪಾಠವನ್ನು ನನಗೆ ಮೊದಲು ಕಲಿಸಿದವರು ಯಾವ ವಿಜ್ಞಾನಿಯೂ ಅಲ್ಲ, ನನ್ನ ಸೋದರಮಾವ. ಅವರು ಉಗಿಬಂಡಿಯಲ್ಲಿ ಫೈರ್‌ಮನ್ ಆಗಿದ್ದರು. 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ ಚಿತ್ತಾಪುರ, ಸೇಡಂ ದಾಟಿ ಅವರ ಬಂಡಿ ಓಡುತ್ತಿತ್ತು. ವಾಡಿ ಜಂಕ್ಷನ್‌ನಲ್ಲಿ ನಿಂತು ನಾನು ಬೆರಗಿನಿಂದ ನೋಡುತ್ತಿದ್ದೆ. ಒಂದು ಸಲಿಕೆ ಕಲ್ಲಿದ್ದಲನ್ನು ತೆಳ್ಳಗೆ ಹರಡಿ ಎಸೆಯುವುದು, ಥಟ್ಟನೆ ಬಾಗಿಲು ಮುಚ್ಚುವುದು, ಸ್ವಲ್ಪ ಹೊತ್ತಿಗೆ ಮತ್ತೊಂದು ಸಲಿಕೆ. "ಒಮ್ಮೆಗೇ ತುಂಬಿದ್ರ ಬೆಂಕಿಗೆ ಉಸಿರು ಕಟ್ಟತದ. ಕರಿ ಹೊಗಿ ಅಂದ್ರ ಸುಡದೇ ಹೋದ ಕಲ್ಲಿದ್ದಲು" ಎನ್ನುತ್ತಿದ್ದರು. ಕಟ್ಟಿಗೆಯ ಮಾತೂ ಅಷ್ಟೇ. ಹೊಗೆಯೆಂದರೆ ಅರೆ ಸುಟ್ಟ ಉರುವಲು.

ಚಳಿದೇಶಗಳಲ್ಲಿ ಗೋಡೆಯ ಅಗ್ಗಿಷ್ಟಿಕೆಯೊಳಗೆ ಕಬ್ಬಿಣದ ಉರಿಪೆಟ್ಟಿಗೆ ಕೂಡಿಸುತ್ತಾರೆ. ಅಲ್ಲಿಯೂ ಇದೇ ತಪ್ಪು ನಡೆಯುತ್ತದೆ. ಕೋಣೆಗೆ ಮೀರಿದ ಪೆಟ್ಟಿಗೆ ತಂದು, ಸೆಕೆ ತಾಳದೆ ಗಾಳಿಯನ್ನು ಬಿಗಿಹಿಡಿಯುತ್ತಾರೆ. ಕಟ್ಟಿಗೆ ಉರಿಯದೆ ಕಮರುತ್ತದೆ, ಹೊಗೆಗೊಳವೆಯಲ್ಲಿ ಡಾಂಬರಿನಂಥ ಮಸಿ ಗಟ್ಟುತ್ತದೆ, ಒಂದು ದಿನ ಆ ಮಸಿಗೇ ಬೆಂಕಿ ಹತ್ತುತ್ತದೆ.

ಇಷ್ಟೆಲ್ಲ ತಿಳಿದಿದ್ದೂ ನಾನು ಒಮ್ಮೆ ಸೋತೆ. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತ್ತು. ಆ ವರ್ಷಗಳಲ್ಲಿ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ ನಾನು ಮನೆಮನೆಗೆ ಹೋಗಿ ಹೊಗೆಗೊಳವೆಯ ಒಲೆಯ ಗುಣಗಾನ ಮಾಡಿದೆ. ನಮ್ಮ ಮನೆಯಲ್ಲಿಯೂ ಹಾಕಿಸಿದೆ. ಆರು ತಿಂಗಳೊಳಗೆ ನೋಡುತ್ತೇನೆ, ಒಂದೊಂದು ಮನೆಯಲ್ಲೂ ಒಲೆಯ ಬಾಯಿಯನ್ನು ಹಾರೆಯಿಂದ ಒಡೆದು ಅಗಲ ಮಾಡಿಕೊಂಡಿದ್ದಾರೆ! ಬೇಡದ ತಣ್ಣನೆಯ ಗಾಳಿ ಒಳನುಗ್ಗಿ, ಕೊಳವೆಯ ಸೆಳೆತ ಸತ್ತು, ಹೊಗೆ ಮರಳಿ ಅಡುಗೆಮನೆ ತುಂಬಿತ್ತು. ನಮ್ಮ ಒಲೆಯದೂ ಅದೇ ಗತಿ. "ಅವ್ವಾ, ಹಿಂಗ್ಯಾಕ ಮಾಡಿದಿ?" ಎಂದು ಸಿಡುಕಿದೆ.

ಅವ್ವ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಕಟ್ಟಿಗಿ ಯಾರು ಸೀಳಿ ಕೊಡ್ತಾರಪಾ? ನೀ ಸಾಲಿಗಿ ಹೋಗ್ತಿ."

ಬಾಗಿಲ ಸಂದಿಯಲ್ಲಿ ಕೊಡಲಿ ತುಕ್ಕು ಹಿಡಿದು ನಿಂತಿತ್ತು. ಜಾಲಿಯ ಬೊಡ್ಡೆಗಳು ಹಾಗೆಯೇ ಅಂಗಳದಲ್ಲಿ ಬಿದ್ದಿದ್ದವು. ನನ್ನ ಬಳಿ ಉತ್ತರವಿರಲಿಲ್ಲ.

ಊರೂರಲ್ಲಿ ಒಲೆಯ ಬಾಯಿ ಅಗಲವಾದದ್ದು ಹೆಣ್ಣುಮಕ್ಕಳ ಅಜ್ಞಾನದಿಂದಲ್ಲ. ಗಂಡಸರಾದ ನಾವು ಕೊಡಲಿ ಹಿಡಿಯದೇ ಹೋದದ್ದರಿಂದ. ಅವ್ವ ಕೊನೆಯ ವರ್ಷಗಳನ್ನು ಕೆಮ್ಮುತ್ತಲೇ ಕಳೆದಳು. ಹೊಗೆಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಕೆಮ್ಮು ಕೇಳಿದಾಗಲೆಲ್ಲ ನನಗೆ ಆ ಕೊಡಲಿ ಕಣ್ಣಮುಂದೆ ಬರುತ್ತಿತ್ತು.

ಚಿಂಚೋಳಿಯ ಕಡೆ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಮೈಲುಗಟ್ಟಲೆ ನಡೆದು ಬರುತ್ತಿದ್ದ ತಾಯಂದಿರನ್ನು ನೀವೂ ಕಂಡಿದ್ದೀರಿ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಮೂರೂವರೆ ಕಿಲೋ ಮತ್ತು ಒಂದೂಕಾಲು ಕಿಲೋದ ನಡುವಿನ ವ್ಯತ್ಯಾಸ ಕಾಗದದ ಮೇಲಿನ ಲೆಕ್ಕವಲ್ಲ, ಅವರ ನೆತ್ತಿಯ ಮೇಲಿನ ಭಾರ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ಸಂತೋಷ. ಆದರೆ ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಪುಕ್ಕಟೆ ಸಿಗುವ ತೊಗರಿ ಕಟ್ಟಿಗೆಯನ್ನು ಬಿಟ್ಟು, ನೀರು ಕಾಯಿಸಲು ಗ್ಯಾಸ್ ಉರಿಸುವವರು ನಮ್ಮಲ್ಲಿ ಎಷ್ಟು ಮಂದಿ? ಒಲೆ ಹೋಗಿಲ್ಲ, ಅಡುಗೆಮನೆಯಿಂದ ಹಿತ್ತಲಿಗೆ ಸರಿದಿದೆ, ಅಷ್ಟೇ.

ಆದ್ದರಿಂದ ಸೇಡಂನ ಶಿಷ್ಯನಿಗೆ ನನ್ನ ಸಲಹೆ ಇದು. ಒಲೆಯ ಒಡಲು ಹಂಡೆಯ ತಳಕ್ಕಿಂತ ಅಗಲವಿರಬಾರದು. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಎತ್ತರ ಇರಲಿ; ಉರಿ ಆಡಲು ಜಾಗ ಬೇಕು. ಒಡಲನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡ. ಜಾಲಿಯಾದರೆ ಮುಂಗೈ ದಪ್ಪಕ್ಕೆ ಸೀಳಿ, ಒಂದು ಬೇಸಿಗೆ ಒಣಗಿಸಿ, ಎರಡು ಮೂರು ತುಂಡುಗಳನ್ನು ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟು ಇಡು. ಒಂಟಿ ಬೊಡ್ಡೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ತೊಗರಿ ಕಟ್ಟಿಗೆ ಬೇಗ ಉರಿದುಹೋಗುತ್ತದೆ, ಹಿಡಿಹಿಡಿಯಾಗಿ ಹಾಕಬೇಕು. ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಬೂದಿಯನ್ನು ದಿನವೂ ತೆಗೆ. ಇನ್ನೊಂದು ಮಾತು: ಶಹಾಬಾದಿನ ಫರಸಿ ಅಗ್ಗವೆಂದು ಒಡಲೊಳಗೆ ಕೂಡಿಸಬೇಡ. ಅದು ಸುಣ್ಣದ ಕಲ್ಲು, ಉರಿಗೆ ಸಿಡಿಯುತ್ತದೆ. ನಾನು ಕೂಡಿಸಿದ್ದು ಮೊದಲ ವಾರವೇ ಪಟಾಕಿಯಂತೆ ಸಿಡಿದಿತ್ತು. ಒಳಗೆ ಮಣ್ಣು ಮೆತ್ತು, ಫರಸಿಯನ್ನು ಹೊರಗೆ ಕಟ್ಟೆಗೆ ಹಾಕು.

ಕೊನೆಯದಾಗಿ, ಆ ಒಲೆಯ ಮುಂದೆ ಕೂರುವವರು ಯಾರೆಂದು ಮನೆಯಲ್ಲಿ ಮೊದಲು ಮಾತಾಡಿಕೋ. ಸಣ್ಣ ಒಲೆ ಕಟ್ಟಿಗೆಯನ್ನು ಉಳಿಸುತ್ತದೆ, ಆದರೆ ಒಬ್ಬರ ಹೊತ್ತನ್ನು ಕೇಳುತ್ತದೆ. ಆ ಹೊತ್ತು ನಿನ್ನ ತಾಯಿಯದೇ ಆಗಬೇಕಾಗಿಲ್ಲ. ಕೊಡಲಿ ಕೊಳ್ಳುವಾಗ ನಿನ್ನ ಕೈಗೆ ಒಪ್ಪುವಂಥದನ್ನೇ ಕೊಳ್ಳು.