ಹಳೆಯ ಸಾಹಸವೀರರ ಮರುಮುದ್ರಣ

ಹಿಂದಿನ ಕಾಲದ ಕಥಾನಾಯಕರನ್ನು ಇಂದಿನ ಓದುಗರಿಗಾಗಿ ಮತ್ತೆ ಅಚ್ಚು ಹಾಕಿಸುವುದು ಸ್ತುತ್ಯವಾದ ಕೆಲಸವೇ ಸರಿ. ಆದರೆ ಅಚ್ಚು ಹಾಕಿಸುವವರಿಗೆ ಆ ಕಥೆಗಳನ್ನು ತಿದ್ದುವ ಅಧಿಕಾರವುಂಟೆ? ಇಲ್ಲವೆಂದೇ ನನ್ನ ಅಭಿಪ್ರಾಯ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ‘ಪಲ್ಪ್’ ಎಂಬ ಅಗ್ಗದ ಕಥಾಪತ್ರಿಕೆಗಳು ವಿಪುಲವಾಗಿ ಹೊರಡುತ್ತಿದ್ದವು. ಮರದ ತಿರುಳಿನ ಒರಟು ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ ಅವಕ್ಕೆ ಆ ಹೆಸರು. 1912ರಲ್ಲಿ ಟಾರ್ಜನ್ ಹುಟ್ಟಿದ್ದು ಇಂಥದೊಂದು ಪತ್ರಿಕೆಯಲ್ಲಿಯೇ. ಆ ಕಾಗದವೋ, ಬೇಗನೆ ಹಳದಿಗಟ್ಟಿ ಪುಡಿಯಾಗುವಂಥದು. ಮರುಮುದ್ರಣವಾಗದಿದ್ದರೆ ಆ ವೀರರೂ ಕಾಗದದೊಡನೆಯೇ ಮಣ್ಣಾಗುತ್ತಿದ್ದರು.

ಕೋನನ್ ಎಂಬ ವೀರನನ್ನೇ ನೋಡಿ. ರಾಬರ್ಟ್ ಹೊವರ್ಡ್ ಅವನನ್ನು 1932ರ ಡಿಸೆಂಬರಿನಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಓದುಗರ ಮುಂದಿಟ್ಟ. 1936ರಲ್ಲಿ, ಮೂವತ್ತರ ಹರೆಯದಲ್ಲಿಯೇ ತೀರಿಕೊಂಡ. ಅವನ ಜೀವಿತಕಾಲದಲ್ಲಿ ಅಚ್ಚಾಗದೆ ಉಳಿದ ‘ದಿ ಬ್ಲ್ಯಾಕ್ ಸ್ಟ್ರೇಂಜರ್’ ಎಂಬ ಕಥೆಯನ್ನು ಡಿ ಕ್ಯಾಂಪ್ ಎಂಬ ಲೇಖಕರು ತಿದ್ದಿ 1953ರಲ್ಲಿ ಪ್ರಕಟಿಸಿದರು. ಹೊವರ್ಡನ ಕಥೆಯ ಕೊನೆಯಲ್ಲಿ ಕೋನನ್ ಮತ್ತೆ ಕಡಲುಗಳ್ಳನಾಗಿ ಹೊರಡುತ್ತಾನೆ. ತಿದ್ದಿದ ಕಥೆಯಲ್ಲಾದರೋ ಅವನು ಒಂದು ರಾಜ್ಯದ ಪಟ್ಟಕ್ಕೇರುವ ದಾರಿ ಹಿಡಿಯುತ್ತಾನೆ! ಇಷ್ಟೇ ಅಲ್ಲ. ಹೊವರ್ಡ್ ಆಫ್ಘಾನಿಸ್ತಾನದ ಬೆಟ್ಟಗಳಲ್ಲಿ ಬೇರೊಬ್ಬ ನಾಯಕನನ್ನಿಟ್ಟು ಬರೆದಿದ್ದ ಕಥೆಯೊಂದನ್ನೂ ಕೋನನ್ನನ ಕಥೆಯಾಗಿ ಮಾಡಿದರು. ಬಂದೂಕು ಹೋಗಿ ಕತ್ತಿ ಬಂತು.

ಡಿ ಕ್ಯಾಂಪರು ವಂಚಕರಲ್ಲ. ಅಂಥ ಕಥೆಗಳಿಗೆ ಇಬ್ಬರ ಹೆಸರನ್ನೂ ಹಾಕಿದರು. 1966ರಿಂದ ಫ್ರಜೆಟ್ಟಾರ ಮುಖಚಿತ್ರಗಳೊಡನೆ ಹೊರಟ ಅಗ್ಗದ ಆವೃತ್ತಿಗಳಿಂದಲೇ ಕೋನನ್ ಮನೆಮಾತಾದದ್ದು. ಅದರ ಋಣ ಅವರದು ದೊಡ್ಡದೇ. ಆದರೆ ಇಬ್ಬರ ಹೆಸರಿದ್ದ ಮಾತ್ರಕ್ಕೆ ಯಾವ ವಾಕ್ಯ ಯಾರದೆಂದು ಓದುವವನು ಬಲ್ಲನೆ?

ನಾನಂತೂ ಬಲ್ಲವನಾಗಿರಲಿಲ್ಲ. ನಾನು ಮೊದಲು ಓದಿದ್ದು ತಿದ್ದಿದ ಕಥೆಯನ್ನೇ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ‘ಇದು ಮೂಲವಲ್ಲ ಕಣಪ್ಪ, ಇನ್ನೊಂದಿದೆ, ಅದನ್ನು ಹುಡುಕು’ ಎನ್ನುವ ಅಣ್ಣನಾಗಲಿ ಮಾವನಾಗಲಿ ನನಗಿರಲಿಲ್ಲ. ಅಚ್ಚಾದುದೆಲ್ಲ ಬರೆದವನದೇ ಎಂದು ನಂಬಿದ್ದೆ. ಪಂಡಿತನಾದವನು ಹಳೆಯ ಪ್ರತಿಯನ್ನು ಹುಡುಕಿ ಹೋಲಿಸಿಯಾನು. ‘ಇಂದಿನ ಓದುಗರಿಗಾಗಿ’ ಎಂದು ತಿದ್ದಿದ ಪುಸ್ತಕದಿಂದ ಮೋಸಹೋಗುವವರು ನಮ್ಮಂಥವರೇ.

‘ಹಳೆಯ ಕಥೆಗಳಲ್ಲಿ ಇಂದು ಸಹಿಸಲಾಗದ ಮಾತುಗಳಿವೆಯಲ್ಲ?’ ಎಂದು ಕೆಲವರು ಕೇಳಿಯಾರು. ನಿಜ. ಕರಿಯ ಜನರನ್ನು ಕುರಿತು ಹೊವರ್ಡ್ ಬರೆದ ಕೆಲವು ಪುಟಗಳನ್ನು ಓದುವಾಗ ನನಗೆ ನಾಚಿಕೆಯಾಯಿತು. ಅದನ್ನು ಮುನ್ನುಡಿಯಲ್ಲಿ ಖಂಡಿಸಲಿ, ಎಷ್ಟು ಕಟುವಾಗಿ ಬೇಕಾದರೂ ಖಂಡಿಸಲಿ. ಪುಟವನ್ನೇ ಕಿತ್ತುಹಾಕಿದರೆ, ಆ ಕಾಲದ ಲಕ್ಷಾಂತರ ಜನ ಏನನ್ನು ಸಂತೋಷದಿಂದ ಓದಿದರೆಂಬುದೇ ನಮಗೆ ತಿಳಿಯದೆ ಹೋಗುತ್ತದೆ.

ಇನ್ನು ಹೆಸರಿನ ಮಾತು. 1933ರಲ್ಲಿ ಆರಂಭವಾದ ‘ಡಾಕ್ ಸ್ಯಾವೇಜ್’ ಕಥೆಗಳಲ್ಲಿ ಬಹುಪಾಲನ್ನು ಬರೆದವರು ಲೆಸ್ಟರ್ ಡೆಂಟ್. ಅಚ್ಚಾದದ್ದು ಮಾತ್ರ ಪ್ರಕಾಶಕರು ಕಲ್ಪಿಸಿದ ಕೆನೆತ್ ರಾಬ್ಸನ್ ಎಂಬ ಹೆಸರು. 1964ರಲ್ಲಿ ಬ್ಯಾಂಟಮ್ ಪ್ರಕಾಶನದವರು ಅವನ್ನು ಮರುಮುದ್ರಿಸತೊಡಗಿದಾಗಲೂ ಹೊದಿಕೆಯ ಮೇಲಿದ್ದುದು ಆ ಇಲ್ಲದ ಮನುಷ್ಯನ ಹೆಸರೇ. ಡೆಂಟರು ಕಾಲವಾಗಿ ಆಗಲೇ ಐದು ವರ್ಷಗಳಾಗಿದ್ದವು.

ಹೊವರ್ಡ್ ಬರೆದಂತೆಯೇ ‘ದಿ ಬ್ಲ್ಯಾಕ್ ಸ್ಟ್ರೇಂಜರ್’ ಅಚ್ಚಾದದ್ದು 1987ರಲ್ಲಿ. ಕಡಲುಗಳ್ಳ ಕೋನನ್ ತನ್ನ ಹಡಗನ್ನು ಹತ್ತಲು ಐವತ್ತು ವರ್ಷ ಕಾಯಬೇಕಾಯಿತು. ನಾನು ಎರಡನ್ನೂ ಓದಿದ್ದೇನೆ. ಹಡಗು ಹತ್ತಿದವನೇ ನನಗೆ ಇಷ್ಟ.