ಅಜ್ಜ-ಅಜ್ಜಿಯ ಕಣ್ಣಿಗೊಂದು ಚೌಕುಳಿ ಹಾಳೆ

ಮನೆಯ ಹಿರಿಯರು ಪೇಪರ್ ಓದುತ್ತಾ ‘ಯಾಕೋ ಸಾಲುಗಳು ಡೊಂಕಾಗಿ ಕಾಣುತ್ತವೆ’ ಎಂದರೆ, ‘ಕನ್ನಡಕದ ನಂಬರ್ ಬದಲಾಗಿರಬೇಕು’ ಎಂದೋ ‘ಪೊರೆ ಬಂದಿರಬೇಕು’ ಎಂದೋ ಸುಮ್ಮನಾಗುತ್ತೇವೆ. ಪೊರೆ ಬಂದರೆ ನೋಟ ಮಂಜಾಗುತ್ತದೆ. ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ ತೊಂದರೆ ಕಣ್ಣಿನ ಹಿಂಭಾಗದಲ್ಲಿರಬಹುದು.

ಅಲ್ಲಿ ರೆಟಿನಾ ಎಂಬ ತೆಳು ಪರದೆ ಇದೆ. ಅದರ ನಡುವಿನ ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅದರಿಂದಲೇ. ವಯಸ್ಸಾದಂತೆ ಕೆಲವರಿಗೆ ಈ ಜಾಗ ಸವೆಯುತ್ತದೆ. ಇದರಲ್ಲಿ ಎರಡು ಬಗೆ. ಒಣ ಬಗೆ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುತ್ತದೆ. ತೇವದ ಬಗೆಯಲ್ಲಿ ರೆಟಿನಾದ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಕೆಲವೇ ವಾರಗಳಲ್ಲಿ ನಡುನೋಟ ಕೆಡಬಹುದು.

ಯಾರಿಗೆ ಅಪಾಯ ಹೆಚ್ಚು? ಮೊದಲನೆಯದು ವಯಸ್ಸು, 50 ದಾಟಿದ ಮೇಲೆ ಏರುತ್ತಾ ಹೋಗುತ್ತದೆ. ಎರಡನೆಯದು ವಂಶ; ತಂದೆ, ತಾಯಿ, ಒಡಹುಟ್ಟಿದವರಿಗೆ ಇದ್ದರೆ ನಾವು ಎಚ್ಚರವಾಗಿರಬೇಕು. ಇವೆರಡೂ ನಮ್ಮ ಕೈಯಲ್ಲಿಲ್ಲ. ಬೀಡಿ, ಸಿಗರೇಟು ಬಿಡುವುದು ನಮ್ಮ ಕೈಯಲ್ಲೇ ಇದೆ. ಬಿ.ಪಿ. ಹತೋಟಿಯಲ್ಲಿಡುವುದು, ಊಟದಲ್ಲಿ ಸೊಪ್ಪು ತರಕಾರಿ ಹೆಚ್ಚಿಸುವುದೂ ಒಳ್ಳೆಯದು. ಇನ್ನೊಂದು ಮಾತು: ಒಂದು ಕಣ್ಣಿಗೆ ತೇವದ ಬಗೆ ಬಂದಿದ್ದರೆ ಇನ್ನೊಂದಕ್ಕೂ ಬರುವ ಸಾಧ್ಯತೆ ಹೆಚ್ಚು.

ಮೋಸವಾಗುವುದು ಇಲ್ಲಿ: ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಬಿಡುತ್ತದೆ. ಎರಡನ್ನೂ ತೆರೆದು ನೋಡುವವರಿಗೆ ತೊಂದರೆ ತಿಳಿಯುವುದೇ ಇಲ್ಲ. ಆದ್ದರಿಂದ ಒಂದೊಂದೇ ಕಣ್ಣನ್ನು ಪರೀಕ್ಷಿಸಬೇಕು.

ಮಕ್ಕಳೇ, ಈ ಕೆಲಸ ನಿಮ್ಮದು. ಬಿಳಿ ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದಗಲದ ಚೌಕ ಎಳೆಯಿರಿ. ಅದರೊಳಗೆ 5 ಮಿಲಿಮೀಟರಿಗೊಂದರಂತೆ ಅಡ್ಡ, ಉದ್ದ ಗೆರೆ ಹಾಕಿ, ನಡುವೆ ದಪ್ಪ ಚುಕ್ಕೆ ಇಡಿ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ರೂಢಿಗೆ ತಂದ ಪರೀಕ್ಷೆ ಇದು. ಅಜ್ಜ ಅಜ್ಜಿ ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಓದುವಷ್ಟು ದೂರದಿಂದ ಚುಕ್ಕೆಯನ್ನೇ ನೋಡಲಿ. ಆಮೇಲೆ ಇನ್ನೊಂದು ಕಣ್ಣು. ಗೆರೆಗಳು ಅಲೆಯಂತೆ ಬಾಗಿವೆಯೇ? ಯಾವುದಾದರೂ ಮನೆ ಮಾಯವಾಗಿದೆಯೇ, ಕಪ್ಪಾಗಿದೆಯೇ? ಹೌದೆಂದರೆ ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಎನ್ನದೆ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.

ತೇವದ ಬಗೆಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಹೆಸರು ಕೇಳಿ ಹೆದರಬೇಡಿ, ಮೊದಲು ಮರಗಟ್ಟಿಸುತ್ತಾರೆ. ಬೇಗ ಹೋದಷ್ಟೂ ಉಳಿಯುವ ನೋಟ ಹೆಚ್ಚು. ತಡವಾಗಿ ಗಾಯದ ಕಲೆ ಕಟ್ಟಿದರೆ ಹೋದ ನೋಟ ಮರಳುವುದಿಲ್ಲ. ವಿಟಮಿನ್ ಮಾತ್ರೆಗಳು ಕೆಲವು ಹಂತದವರಿಗಷ್ಟೇ ಉಪಯೋಗ. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಹಾಳೆ ಚೆನ್ನಾಗಿ ಕಂಡಿತೆಂದು ಕಣ್ಣಿನ ತಪಾಸಣೆ ಬಿಡುವಂತಿಲ್ಲ. ಅದನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿ, ವಾರಕ್ಕೊಮ್ಮೆ ನೀವೇ ನೆನಪಿಸಿ.